ಯುಡಿಎಫ್ ಒಂದೂವರೆ

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ;
ನಮ್ಮ ನೊಗಕ್ಕೆ ಮೂರನೆಯದೂ ಒಂದಿತ್ತು.
ಘಾಟ್ಕೋಪರಿನ ನನ್ನ ಮೇಜಿನ ಮೇಲೆ ಎಕ್ಸ್‌ಪಿ,
ಲೋವರ್ ಪರೇಲಿನ ಪ್ರೆಸ್ಸಿನಲ್ಲಿ ಹುತೋಕ್ಷಿಯ ಬಿಳಿ ಮ್ಯಾಕ್,
ಮಾಟುಂಗಾದ ಮೂರನೇ ಮಾಳಿಗೆಯಲ್ಲಿ
ಕರಡು ತಿದ್ದುವ ಭುಜಂಗ ಮಾಸ್ತರರ ಲಿನಕ್ಸ್,
ಮೊಮ್ಮಗ ಹಾಕಿಕೊಟ್ಟದ್ದು, ಪುಕ್ಕಟೆ ಎಂದು.

ನಡುವೆ ಓಡಾಡುವುದು ಒಂದೇ ಡಿಸ್ಕು,
ನನ್ನ ಬ್ಯಾಗಿನಲ್ಲಿ, ರೈಲು ಪಾಸಿನ ಪಕ್ಕ.
ಸಾವಿರ ಸಲ ಬರೆದು ಅಳಿಸಬಹುದು ಎಂದಿತ್ತು ಡಬ್ಬದ ಮೇಲೆ.
ಲ್ಯಾಮಿಂಗ್ಟನ್ ರೋಡಿನ ಅಂಗಡಿಯವ ನಕ್ಕು
"ಮುನ್ನೂರು ಅಂತ ಹಿಡ್ಕೊಳ್ಳಿ ಮೇಡಂ" ಅಂದ.

ಕೋಟೆಯ ರಾತ್ರಿಶಾಲೆಗೆ ಐವತ್ತು ತುಂಬಿದ ಸಂಚಿಕೆ.
ಇನ್ನೂರ ಹನ್ನೆರಡು ಹಳೆ ವಿದ್ಯಾರ್ಥಿಗಳು,
ತಲೆಗೊಂದು ಫೈಲು,
ಅವರವರ ಹೆಸರಲ್ಲಿ, ಕನ್ನಡದಲ್ಲಿ.

ಮೊದಲು ಹಳೇ ಐಎಸ್‌ಒ ಕ್ರಮದಲ್ಲಿ ಬರೆದೆ.
ಯಾವ ಯಂತ್ರವೂ ಬೇಡ ಅನ್ನುವುದಿಲ್ಲ;
ಎಂಟಕ್ಷರ, ಚುಕ್ಕೆ, ಮೂರಕ್ಷರ, ಅದೂ ಇಂಗ್ಲಿಷಿನವು.
ಮಾಟುಂಗಾದಲ್ಲಿ ತೆರೆದರೆ
ಅಡಿಗೆರೆ, ಅಡಿಗೆರೆ, ಅಡಿಗೆರೆ,
ಬಾಲಕ್ಕೊಂದು ನಂಬ್ರ.

ಮಾಸ್ತರರು ಕನ್ನಡಕ ತೆಗೆದರು.
"ಹೋಟ್ಲಲ್ಲಿ ಏಳು ವರ್ಷ ನನ್ನನ್ನು ಹೀಗೇ ಕರೆದದ್ದು ಮಾರಾಯ್ತಿ,
ಮೂರನೇ ನಂಬ್ರ ಅಂತ. ತಟ್ಟೆ ತೊಳೆಯುವ ಮೂರನೇ ನಂಬ್ರ.
ಶಾಲೆಯ ಹಾಜರಿಯಲ್ಲಿ ಭುಜಂಗ ಸುವರ್ಣ ಅಂತ ಕೂಗಿದರೆ
ಒಂದು ವಾರ ಹಿಂದೆ ತಿರುಗಿ ನೋಡುತ್ತಿದ್ದೆ,
ಯಾರಪ್ಪ ಅವನು ಅಂತ."

ಜೋಲಿಯೆಟ್ ಹಾಕಿದರೆ ಹೆಸರು ಉಳಿಯುತ್ತದೆ, ಅಂದೆ.
ಆದರೆ ಒಂದು ಕೊಂಬು ತಿದ್ದಲು
ಇಡೀ ಡಿಸ್ಕು ಅಳಿಸಿ ಮತ್ತೆ ಬರೆಯಬೇಕು.
"ಒಂದು ಲೋಟಕ್ಕಾಗಿ ಇಡೀ ರಾಶಿ ತೊಳೆಯುವುದೋ?"
ಫ್ಯಾಟ್? ತನ್ನ ಪಟ್ಟಿಯನ್ನು ಒಂದೇ ಜಾಗದಲ್ಲಿ
ಗೀಚಿ ಗೀಚಿ ತೂತು ಮಾಡುತ್ತದೆ.
"ಮೋರಿಯ ಕಲ್ಲು ಹಾಗೇ ಸವೆದದ್ದು" ಅಂದರು.

ಹುತೋಕ್ಷಿ ತನ್ನ ಮ್ಯಾಕಿನದೇ ಕ್ರಮ ಮಾಡು ಅಂದಳು.
ಮಾಡಿ ನೋಡಿದೆ. ನನ್ನ ಎಕ್ಸ್‌ಪಿ
ಇನ್ನೂರ ಹನ್ನೆರಡು ಜನ ಕೂತ ಪಂಕ್ತಿ ನೋಡಿ
ಯಾರೂ ಇಲ್ಲ, ಒರೆಸಿಬಿಡಲೇ ಎಂದು ಕೇಳಿತು.

ಉಳಿದದ್ದು ಯುಡಿಎಫ್. ಅದರಲ್ಲೂ ಎಷ್ಟು?
ದಾದರಿನ ಸೇತುವೆಯ ಮೇಲೆ,
ಸೆಂಟ್ರಲಿನವರೂ ವೆಸ್ಟರ್ನಿನವರೂ
ಒಬ್ಬರ ಬೆವರು ಒಬ್ಬರಿಗೆ ಒರೆಸುತ್ತ ದಾಟುವಲ್ಲಿ
ಕಂಬಕ್ಕೊರಗಿ ನಿಂತು ಫೋನಿನಲ್ಲಿ ಚೌಕಾಸಿ.
ಎರಡೂವರೆ ನನಗಾಗದು.
ಎರಡಕ್ಕೆ ಹುತೋಕ್ಷಿಯ ಮ್ಯಾಕ್ ಮುಖ ತಿರುಗಿಸುತ್ತದೆ.
"ಒಂದೂವರೆಗೆ ಮುಗಿಸಿ" ಅಂದರು ಮಾಸ್ತರರು,
ಬದನೆಕಾಯಿ ಕೊಳ್ಳುವವರ ಹಾಗೆ.

ಎಕ್ಸ್‌ಪಿಗೆ ಓದಲು ಬರುತ್ತದೆ, ಬರೆಯಲು ಬಾರದು;
ಅದರ ಕೈಹಿಡಿದು ಬರೆಸಲು
ಇನ್ನೊಂದು ತಂತ್ರಾಂಶ ಕೂರಿಸಿದೆ.
ಆ ರಾತ್ರಿ ಡಿಸ್ಕು ಹದಕ್ಕೆ ಬರಲು ನಲವತ್ತು ನಿಮಿಷ.
ಅನ್ನಕ್ಕಿಟ್ಟೆ, ಉಂಡೆ, ಪಾತ್ರೆ ತೊಳೆದೆ,
ಇನ್ನೂ ತಿರುಗುತ್ತಿತ್ತು.

ಮರುದಿನ ಪ್ರೆಸ್ಸಿನಲ್ಲಿ ಹುತೋಕ್ಷಿ ತೆರೆದಳು. ತೆರೆಯಿತು.
ಅಷ್ಟೂ ಚೌಕ ಚೌಕ ಚೌಕ.
ಪುಟದೊಳಗೆ ಫಾಂಟು ಕಟ್ಟಿ ಕಳಿಸಿದ್ದೆ,
ಹೊರಗಿನ ಹೆಸರಿಗೆ ಕಟ್ಟುವುದು ಹೇಗೆ?
"ಇದ್ದಾರೆ" ಅಂದಳು, "ನೋಡು,
ಒಬ್ಬೊಬ್ಬರೂ ಒಂದೊಂದು ಉದ್ದ."
ಒಂದರ ಮೇಲೆ ಬೆರಳಿಟ್ಟಳು, ಇದು ಯಾರು?
ಒಳಗಿನ ಪುಟ ತೆರೆದು ಓದಿ ಹೇಳಿದೆ.
ಯಂತ್ರದ ಸದ್ದಿನ ಮೇಲೆ ಆಕೆ ಕೂಗಿದಳು,
"ಬೂಜಂಗ್ ಸೂವರ್ನಾ!"

ತಿದ್ದಲಿಲ್ಲ. ನಾಲ್ಕು ಹತ್ತರ ಸ್ಲೋ ಗಾಡಿ ಹಿಡಿಯುವುದಿತ್ತು,
ಆಗಲೇ ಆಕೆಯ ಬೆರಳು
ಕೆಳಗಿನ ಚೌಕಗಳಿಗೆ ಇಳಿದಿತ್ತು.