ಹೊಳೆ ಬಸ್‌ಸ್ಟಾಪಿನ ಆಚೆ

ದಾರಿ ನೀವೇ ಹೇಳಿ ಮಾವ, ಅಂದಳು ಚಂಪಾ,
ಊಟದ ತಟ್ಟೆ ಸರಿಸಿ ಹಾಳೆ ಹಾಸುತ್ತ.
ಮೂವತ್ತೊಂದು ವರ್ಷ ಕಂಡಕ್ಟರು ನಾನು,
ಶಿವಮೊಗ್ಗ ತೀರ್ಥಹಳ್ಳಿ, ದಿನಕ್ಕೆ ಮೂರು ಟ್ರಿಪ್ಪು,
ಯಾವ ತಿರುವಿನಲ್ಲಿ ಯಾರಿಗೆ ವಾಂತಿ ಬರುತ್ತದೆಂದೂ ಬಲ್ಲವ.

ಹಾಳೆಯಲ್ಲಿ ಆಗಲೇ ಬರೆದಿದ್ದಳು:
ಫೆಬ್ರವರಿ ಎರಡನೇ ಭಾನುವಾರ, ಬೆಳಿಗ್ಗೆ ಆರೂವರೆ.
ಹೊರಡುವುದು ಸಾಗರ ರಸ್ತೆ, ಆಸ್ಪತ್ರೆ ಗೇಟು.
ಮುಟ್ಟುವುದು,
ಅಲ್ಲಿ ಬರೀ ಗೆರೆ ಎಳೆದು ಬಿಟ್ಟಿದ್ದಳು.

ಮೊದಲು ನಾನು ಒಪ್ಪಿರಲಿಲ್ಲ.
ಹಸುಗೂಸಿಗೆ ತಿಥಿಯಿಲ್ಲ, ಎಡೆಯಿಲ್ಲ, ಗೋಡೆಗೆ ಫೋಟೊ ಇಲ್ಲ,
ಮರೆಯಲಿ ಅಂತಲೇ ಹಿರಿಯರು ಮಾಡಿಟ್ಟ ಕಟ್ಟು.
ಜನ ಏನಂದಾರು, ಅಂದೆ.
ಒಂದು ವರ್ಷ ಯಾರೂ ಏನೂ ಅನ್ನಲಿಲ್ಲವಲ್ಲ ಮಾವ,
ಅದಕ್ಕೇ, ಅಂದಳು.

ಆಮೇಲೆ ಮನೆ ತುಂಬ ಕೆಲಸ.
ಬಂದ ದುಡ್ಡಿಗೆ ಒರಗು ಕುರ್ಚಿ ಅಂತ ಆಯಿತು,
ಹೊಲಿಗೆ ಇನ್ನೂ ಹಸಿಯಿರುವ ತಾಯಂದಿರು
ಗಾಜಿನಾಚೆ ನೋಡುತ್ತ ಕೂರುವುದಕ್ಕೆ.
ನನ್ನ ತಂಗಿ ಹೂವಮ್ಮ ಮಜ್ಜಿಗೆ ವಹಿಸಿಕೊಂಡಳು,
ಕೊತ್ತಂಬರಿ ಎಷ್ಟು ಕಟ್ಟು ಅಂತ ಜಗಳಕ್ಕೂ ನಿಂತಳು.
ಲೋಹಿತ ಅರ್ಜಿ ಹಿಡಿದು ಠಾಣೆಗೆ ಎರಡು ಸಲ ಹೋದ.
ಮೆರವಣಿಗೆಯೇನ್ರೀ, ಜಾಥಾನಾ?
ನಡಿಗೆ ಸಾರ್, ಬರೀ ನಡಿಗೆ.
ಎಲ್ಲಿಂದ ಎಲ್ಲಿಗೆ ಅಂತ ಬರೆದು ತನ್ನಿ, ಅಂದರು.

ದುರ್ಗಿಗುಡಿಯ ಬ್ಯಾನರಿನ ಹುಡುಗ ಕೇಳಿದ, ಪಾಪು ಹೆಸರು?
ಹನ್ನೆರಡನೇ ದಿನಕ್ಕೆ ತೊಟ್ಟಿಲು ಅಂದುಕೊಂಡಿದ್ದೆವು.
ಹನ್ನೊಂದಕ್ಕೇ ಮುಗಿದಿತ್ತು.
ಕಾಲಿನ ಪಟ್ಟಿಯಲ್ಲಿ ‘ಬೇಬಿ ಆಫ್ ಚಂಪಾ’ ಅಂತಿತ್ತು,
ಹಾಗೇ ಹಾಕಿಬಿಡು, ಅಂದಳು.
ಚಿಟ್ಟೆ ಹಾಕಲಾ, ಬಲೂನಾ?
ಏನೂ ಬೇಡಪ್ಪ.
ಮೂಲೆಯಲ್ಲೊಂದು ಚಿಟ್ಟೆ ಹಾಕಿಯೇ ಕೊಟ್ಟ,
ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಅವತ್ತು ಅವಳನ್ನು ಕರೆದೊಯ್ಯಲಿಲ್ಲ.
ಹಸಿ ಬಾಣಂತಿ, ಬರಬಾರದು, ಅಂದೆವು.
ಅಂದವನು ನಾನೇ.
ಆಟೋದಲ್ಲಿ ಲೋಹಿತ ಪಕ್ಕದಲ್ಲಿ ಕೂತು
ಎರಡೂ ಕೈ ತೊಡೆಸಂದಿಯಲ್ಲಿ ಇಟ್ಟುಕೊಂಡಿದ್ದ.
ಕೂಸು ನನ್ನ ಮಡಿಲಲ್ಲಿ, ಬಿಳಿ ಟವೆಲಿನಲ್ಲಿ.
ದೀಪಾವಳಿ ಹಿಂದಿನ ದಿನದ ಕಲೆಕ್ಷನ್ ಚೀಲ
ಚಿಲ್ಲರೆ ತುಂಬಿ ಇದಕ್ಕಿಂತ ಭಾರ ಇರುತ್ತಿತ್ತು
ಅಂತ ಲೆಕ್ಕ ಹಾಕಿತು ಈ ಪಾಪಿ ಕೈ.
ಮಡಿಲ ಕೂಸಿಗೆ ಟಿಕೇಟಿಲ್ಲ ತಾಯಿ, ಕೂತ್ಕೊಳ್ಳಿ,
ಎಷ್ಟು ಜನಕ್ಕೆ ಹೇಳಿಲ್ಲ ನಾನು, ನಗುತ್ತ.
ಇಳಿಯುವಾಗ ಆಟೋದವನು ದುಡ್ಡು ಮುಟ್ಟಲಿಲ್ಲ.

ಎಲ್ಲಿ ಅಂತ ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ.
ಒಂದೇ ಮನೆಯಲ್ಲಿ ವರ್ಷವಿಡೀ
ಉಪ್ಪು ಕೊಡಿ, ಗೇಟು ಹಾಕಿ, ಮೋಟರು ಆಫ್ ಮಾಡಿ
ಅನ್ನುತ್ತ ಉಳಿದೆವು.
ಈಗ ಕೇಳುತ್ತಿದ್ದಾಳೆ.
ಬಸ್ಸು ಹತ್ತುವ ಮೊದಲು ಯಾರೋ ಕೇಳುವ ಹಾಗೆ,
ಮುಖ ನೋಡದೆ.

ಪೆನ್ನು ತೆಗೆದುಕೊಂಡೆ.
ಬರೆಯುವ ಮೊದಲೇ ಬಾಯಿ ಕೂಗಿತು, ಹಳೇ ಚಾಳಿ:
ಅಶೋಕ ಸರ್ಕಲ್,
ಅಮೀರ್ ಅಹ್ಮದ್ ಸರ್ಕಲ್,
ಹೊಳೆ ಬಸ್‌ಸ್ಟಾಪ್.
ಸೇತುವೆ.
ಅಲ್ಲಿಂದ ದನಿ ಇಳಿಯಿತು.
ಸೇತುವೆ ದಾಟಿ ಎಡಕ್ಕೆ, ಕಾಂಪೌಂಡಿನ ಮೂಲೆ,
ಹೊಂಗೆಮರ.
ಬೇರಿಗೊಂದು ಕಲ್ಲು ಒರಗಿಸಿದ್ದೇನೆ,
ಮಂಡಿ ಎತ್ತರವೂ ಇಲ್ಲ.
ತಿಂಗಳಿಗೊಮ್ಮೆ ಹೋಗಿ ಹುಲ್ಲು ಕೀಳುತ್ತೇನೆ,
ಪೆನ್ಷನ್ ಆಫೀಸು ಅಂತ ಹೇಳಿ.

ಎಷ್ಟು ದೂರ ಮಾವ?
ಮೂರೂವರೆ ಕಿಲೋಮೀಟರು.
ಅಷ್ಟೇನಾ, ಅಂದಳು.
ಗೆರೆಯ ಮೇಲೆ ಬೆರಳಿಟ್ಟುಕೊಂಡು
ಮತ್ತೆ ಅಂದಳು, ಅಷ್ಟೇನಾ.

ಒಳಗಿನಿಂದ ಹೂವಮ್ಮ ಕೂಗಿದಳು:
ಹಂಗಾದ್ರೆ ಮಜ್ಜಿಗೆ ಸೇತುವೆಯಿಂದ ಈಚೆಗೋ, ಆಚೆಗೋ?