ಎರಡು ಗದ್ದೆಗೆ ಒಂದು ತೂಬು

ತಂತಿ ಎಳೆದುಕೊಟ್ಟವನು ಹಂಸ.
ಪೊನ್ನಂಪೇಟೆಯ ನಮ್ಮ ಗಲ್ಲಿಯ ಏಳು ಮನೆಗೂ ಅವನೇ.
ಏಣಿಯ ಮೇಲಿಂದಲೇ ಕೇಳಿದ:
"ಒಂದೇ ಕಂಪ್ಯೂಟರಾ, ಎರಡಾ?"
ಅತ್ತೆ ಅಂಗಳದಿಂದ: "ಎರಡು.
ಆದರೆ ದುಡ್ಡು ಒಂದಕ್ಕೆ."

ಅದಕ್ಕೇ ಗೋಡೆಗೆ ತೂತು ಕೊರೆದದ್ದು.
ನನ್ನ ಕೋಣೆಯ ಕಪಾಟಿನ ಹಿಂದಿನಿಂದ
ಅವರ ಮಂಚದ ತಲೆದೆಸೆಗೆ
ಒಂದು ನೀಲಿ ತಂತಿ ತೂರಿಕೊಂಡಿತು.
ಉದುರಿದ ಗಾರೆ ಗುಡಿಸಿ ಅತ್ತೆ
ಸಂದಿಗೆ ಹಳೇ ಕಾಲುಚೀಲ ತುರುಕಿದರು,
ಹಾಕಿ ಆಡುವವರ ಉದ್ದ ಕಾಲುಚೀಲ,
ಹಸಿರು, ಹಿಮ್ಮಡಿ ಸವೆದದ್ದು.
"ಹಲ್ಲಿ ಬರಬಾರದು," ಎಂದರು.
ಮಾತು ಬರಬಾರದು ಅಂತಲೂ ಇದ್ದೀತು.

ಅತ್ತೆಗೆ ಎಪ್ಪತ್ತೊಂದು. ಹೆಸರು ಚೋಂದಮ್ಮ.
ಹದಿನೆಂಟು ವರ್ಷ ಬಾಯಲ್ಲಿ ಸೀಟಿ ಇಟ್ಟುಕೊಂಡು
ಗಂಡಸರ ಆಟಕ್ಕೆ ತೀರ್ಪು ಕೊಟ್ಟವರು.
ಈಗ ಮೊಣಕಾಲು ಕೂತಿದೆ, ಕಣ್ಣು ಓಡುತ್ತದೆ.
ನಡುರಾತ್ರಿ ಯಾವುದೋ ದೇಶದ ನೀಲಿ ಮೈದಾನದಲ್ಲಿ
ಯಾರೋ ಯಾರ ಕಾಲಿಗೋ ಕೋಲು ಕೊಟ್ಟರೆ
ಇಲ್ಲಿ ಇವರು ಮಂಚದಿಂದಲೇ
ಹಳದಿ ಕಾರ್ಡು ತೋರಿಸುತ್ತಾರೆ.

ನನ್ನದೂ ರಾತ್ರಿಯದೇ ಕೆಲಸ.
ಹಗಲಿರುವ ಊರಿನ ಡಾಕ್ಟರು ಮೂಗಿನಲ್ಲಿ ಗೊಣಗಿದ್ದನ್ನು
ಇಯರ್‌ಫೋನ್ ಒತ್ತಿಕೊಂಡು ಕೇಳಿ ಬರೆಯುವುದು.
ರೋಗಿಗಳಿಗೆ ಹೆಸರಿಲ್ಲ, ನಂಬರು.
ಗಂಟಲು, ಪಿತ್ತಕೋಶ, ಎಡ ಮೊಣಕೈ.
ಕಡತ ಇಳಿಸಬೇಕು, ಬರೆಯಬೇಕು, ಏರಿಸಬೇಕು,
ಗಡುವಿನೊಳಗೆ.

ಮೊದಲ ವಾರ ಯುದ್ಧ.
ಅಲ್ಲಿ ಚೆಂಡು ಡಿ ಒಳಗೆ ನುಗ್ಗುವಾಗಲೇ
ಇಲ್ಲಿ ನನ್ನ ಪಿತ್ತಕೋಶ ಇಳಿಯತೊಡಗುತ್ತದೆ.
ಚೆಂಡು ನಿಲ್ಲುತ್ತದೆ.
ಗೋಲ್‌ಕೀಪರ್ ಕಾಲು ಚಾಚಿದವನು ಚಾಚಿದಂತೆಯೇ.
ಪರದೆಯ ನಡುವೆ ಒಂದು ಸುರುಳಿ, ತಿರುಗುತ್ತ.
ಗೋಡೆಯಾಚೆಯಿಂದ ಸೀಟಿ!
ನಿಜದ ಸೀಟಿ. ಇನ್ನೂ ಇಟ್ಟುಕೊಂಡಿದ್ದಾರೆ, ದಿಂಬಿನಡಿ.
ನನ್ನ ಗಂಡ ಮಗ್ಗುಲು ಬದಲಿಸುತ್ತಾನೆ.
ಅವನಿಗೆ ಎರಡೂ ಬೇಡ, ಮೊಬೈಲೂ ಬಟನ್ನಿನದು.

ಪೆಟ್ಟಿಗೆಯೊಳಗೇ ಪಾಲು ಹಾಕಬಹುದು, ಎಂದ ಹಂಸ,
ಇವರಿಗಿಷ್ಟು ಅವರಿಗಿಷ್ಟು ಅಂತ.
ಅತ್ತೆ ಒಪ್ಪಲಿಲ್ಲ.
"ಹರಿಯುವುದನ್ನು ಹಾಗೆ ಅಳೆಯಬಾರದು.
ಗದ್ದೆಗೆ ನೀರು ಬಿಡುವಾಗ ನಮ್ಮಪ್ಪನೂ ಪಕ್ಕದ ಪಳಂಗಪ್ಪನೂ
ಅಳತೆಗೋಲು ಹಿಡಿದದ್ದಿಲ್ಲ.
ಬದುವಿನ ಮೇಲೆ ಒಂದು ಗುದ್ದಲಿ ಇರುತ್ತಿತ್ತು.
ಯಾರ ಪೈರು ಬಾಡಿದೆಯೋ ಅವರು ಮಣ್ಣು ಸರಿಸುವುದು."
"ಜಗಳ ಆಗುತ್ತಿರಲಿಲ್ಲವಾ?"
"ಆಗದೆ? ಪಳಂಗಪ್ಪನ ಒಂದು ಹಲ್ಲು
ಈಗಲೂ ನಮ್ಮ ಗದ್ದೆಯಲ್ಲೇ ಇದೆ."

ಮೊನ್ನೆ ಗುರುವಾರ. ಪಂದ್ಯ ಸಮ, ಶೂಟೌಟ್.
ನನ್ನ ಕಿವಿಯಲ್ಲಿ ಒಂಬತ್ತು ವರ್ಷದ ಒಂದು ಮಗು,
ನಂಬರು ಮಾತ್ರ.
ಎದೆ ತೆರೆದಿದ್ದೇವೆ ಅನ್ನುತ್ತಿದ್ದಾನೆ ಡಾಕ್ಟರು, ಮೆಲ್ಲಗೆ.
ಇಳಿಯುತ್ತಿದ್ದಂತೆಯೇ ಕೇಳುತ್ತಿದ್ದೆ,
ಗಡುವಿಗೆ ಇಪ್ಪತ್ತು ನಿಮಿಷ.
ಮಾತಿನ ನಡುವೆ ಕಡತ ನಿಂತಿತು.
ಸುರುಳಿ ಈಗ ನನ್ನ ಕಡೆ.

ಗೋಡೆ ತಟ್ಟಲಿಲ್ಲ ನಾನು.
ಅವರಾದರೂ ಇನ್ನೆಷ್ಟು ಶೂಟೌಟ್ ನೋಡಿಯಾರು?
"ಅಯ್ಯೋ" ಅಂದೆನೋ ಏನೋ, ಅಷ್ಟೇ.

ಕಾಲುಚೀಲ ಅಲುಗಿತು.
ನೀಲಿ ತಂತಿ ಅರ್ಧ ಮೊಳ ಆಚೆ ಸರಿದು
ಸುಮ್ಮನಾಯಿತು.
ಕಿವಿಯಲ್ಲಿ ಡಾಕ್ಟರ ದನಿ ಮತ್ತೆ ಬಂತು.
ಗದ್ದೆಗೆ ನೀರು ಬರುವುದೂ ಹಾಗೇ ಇರಬೇಕು,
ಮೊದಲು ಸದ್ದು, ಆಮೇಲೆ ತೇವ.

ಬೆಳಿಗ್ಗೆ ಬೆಲ್ಲದ ಕಾಫಿ ಸೋಸುತ್ತ ಕೇಳಿದೆ:
"ಗೋಲಾಯ್ತಾ, ಅತ್ತೆ?"
"ಗೊತ್ತಿಲ್ಲ. ಯಾರಿಗೆ ಅದು, ನೀನು ಅಯ್ಯೋ ಅಂದದ್ದು?"
"ಒಂದು ಮಗು."
"ಉಳಿಯಿತಾ?"
"ಗೊತ್ತಿಲ್ಲ. ಎದೆ ಹೊಲಿದೆವು ಅನ್ನುವಲ್ಲಿಗೆ
ನನ್ನ ಪಾಲು ಮುಗಿಯುತ್ತದೆ."
ಅವರು ರೊಟ್ಟಿ ಮಗುಚಿದರು.

ಹತ್ತು ಗಂಟೆಗೆ ಪೇಪರು ಬಂತು.
ಆಟದ ಪುಟವನ್ನು ಮಡಚಿ
ಕಾಚಂಪುಳಿ ಬಾಟಲಿಯ ಕೆಳಗಿಟ್ಟರು, ತೆರೆಯದೆ.
ಮಧ್ಯಾಹ್ನದವರೆಗೆ.
ಆಮೇಲೆ ಒಳಗಿನಿಂದ ಸೀಟಿ ಕೇಳಿಸಿತು,
ಒಂದೇ, ಚಿಕ್ಕದು.
ಗೆದ್ದರೋ ಸೋತರೋ
ನಾನೂ ಕೇಳಲಿಲ್ಲ.