ಹುರುಪೆ

ಶಿವಮೊಗ್ಗದ ಮೀನು ಮಾರ್ಕೆಟ್ಟು, ಬೆಳಗ್ಗೆ ಏಳು.
ಗಾಜನೂರು ಡ್ಯಾಮಿನ ಕಾಟ್ಲಾ ಕೆರೆಯುತ್ತ ಗುತ್ಯಮ್ಮ:
“ಮೀನು ಬ್ಯಾಡ, ಹುರುಪೆ ಸಾಕು ಅಂತೀಯಲ್ಲ,
ಯಾವ ಸೀಮೆ ಗಿರಾಕಿ ನೀನು?”

ಎರಡು ವಾರ ತೊಳೆದು, ಆಮ್ಲದಲ್ಲಿ ನೆನೆಸಿ,
ನಾತವೆಲ್ಲ ನನ್ನ ದುಪಟ್ಟಾಕ್ಕೆ ಬಂದು,
ಕೊನೆಗೆ ಉಗುರಿನಷ್ಟು ಬಿಳಿ ಹಂದರ.

ಮೊದಲ ದಿನ ಜೀವಕೋಶಗಳು
ಹೊಸ ಬಾಡಿಗೆದಾರರ ಹಾಗೆ
ಗೋಡೆಗೆ ಒರಗದೆ ದುಂಡಗೆ ಕೂತಿದ್ದವು.
ಐದನೆಯ ದಿನ ಕಾಲು ಚಾಚಿದವು.
ಇಪ್ಪತ್ತೊಂದಕ್ಕೆ ನೋಡಿದರೆ
ಹಂದರವೇ ಇಲ್ಲ.
ಅದನ್ನು ತಿಂದು
ತಮ್ಮದೇ ನಾರು ನೇಯ್ದುಕೊಂಡಿದ್ದವು.

ಗುತ್ಯಮ್ಮನಿಗೆ ಹೇಳಿದೆ.
ಎಂದೋ ಎಣ್ಣೆ ಸುಟ್ಟ ಮೊಣಕೈಯನ್ನು
ಸೆರಗಿನೊಳಗೆ ಎಳೆದುಕೊಂಡಳು.
“ಹಂಗಾದ್ರೆ ಮೀನು ಎಲ್ಲಿ ಉಳೀತು, ಅದ್ರೊಳಗೆ?”

ನನಗೆ ಗೊತ್ತಿರಲಿಲ್ಲ.
ಚೀಲಕ್ಕೆ
ಎರಡು ಹಿಡಿ ಹೆಚ್ಚೇ ಹಾಕಿದಳು.